ಸ್ಟೋರ್ ಸಾರ್ ಕೊಟ್ಟ ಪ್ಯಾಂಟ್ ಪೀಸ್

ಹೋದ ತಿಂಗಳು ನನ್ನ ಹೆಂಡತಿ ಬೀರುವಿನ ತಳದಲ್ಲಿದ್ದ ಹಳೆಯ ಬಟ್ಟೆಗಳನ್ನೆಲ್ಲ ಹೊರಗೆಳೆದು, ನೆಲ ಒರೆಸಲು ಆಗುವಂಥವನ್ನು ಆರಿಸಿ ಹರಿಯುತ್ತ ಕೂತಿದ್ದಳು. ತಿಳಿನೀಲಿ ಶರ್ಟೊಂದರ ಕಾಲರ್ ಕಿತ್ತಾಗ ಒಳಗಿನಿಂದ ಬೆರಳುದ್ದದ ಹಳದಿ ಪ್ಲಾಸ್ಟಿಕ್ ಪಟ್ಟಿಯೊಂದು ನೆಲಕ್ಕೆ ಬಿತ್ತು. ಒಂದು ತುದಿ ಚೂಪಾಗಿ ಕತ್ತರಿಸಿದ್ದು. "ಇದೇನ್ರೀ, ಅಂಗಿಗೂ ಮೂಳೆ ಇಡಿಸಿದ್ರಾ?" ಎಂದು ನಕ್ಕಳು. ನಾನು ಅದನ್ನು ಎತ್ತಿಕೊಂಡು ವರಾಂಡಕ್ಕೆ ಬಂದು ಕೂತೆ. ಅದರಿಂದ ಇನ್ನೂ ಗ್ರೀಸಿನ ವಾಸನೆ ಬರುತ್ತಿದೆಯೇನೋ ಎಂದು ಮೂಸಿ ನೋಡಿದೆ... ಬರುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಮೇಲಾಗಿತ್ತು.

ಅದು ಪಂಪ್‌ಸೆಟ್ಟಿನ ರಟ್ಟಿನ ಡಬ್ಬಗಳಿಗೆ ಬಿಗಿದು ಬರುತ್ತಿದ್ದ ಪಟ್ಟಿಯ ತುಂಡು. ಕಾಲರಿನ ತುದಿ ಮುದುರದೆ ನೆಟ್ಟಗೆ ನಿಲ್ಲಲಿ ಎಂದು ಅದನ್ನು ಕತ್ತರಿಸಿ, ಅಂಚನ್ನು ನೆಲದ ಕಲ್ಲಿಗೆ ಉಜ್ಜಿ ನುಣುಪು ಮಾಡಿ, ಕಾಲರಿನ ಒಳಗೆ ತೂರಿಸಿಕೊಟ್ಟವರು ತುಮಕೂರಿನ ಪಂಪ್‌ಸೆಟ್ ಅಂಗಡಿಯೊಂದರ ಸ್ಟೋರ್ ಕೀಪರ್. ನಾವೆಲ್ಲ ಅವರನ್ನು ಸ್ಟೋರ್ ಸಾರ್ ಎನ್ನುತ್ತಿದ್ದೆವು. ಅಂಗಿ ಹಾಕಿಕೊಳ್ಳುವುದು ಹೇಗೆ ಎಂದು ನನಗೆ ಕಲಿಸಿದ್ದು ಅವರು. ಅದಕ್ಕೆ ಬದಲಾಗಿ ನಾನು ಅವರಿಗೆ ಏನು ಮಾಡಿದೆ ಎನ್ನುವುದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಹೆಂಡತಿಗಂತೂ ಹೇಳುವ ಹಾಗೇ ಇಲ್ಲ.

ತೊಂಬತ್ತೇಳರ ಸುಮಾರು. ಗುಬ್ಬಿ ಹತ್ತಿರದ ನಮ್ಮೂರಿನಿಂದ ಸೇಲ್ಸ್‌ಮನ್ ಕೆಲಸಕ್ಕೆ ಅಂತ ತುಮಕೂರಿನ ಆ ಅಂಗಡಿಗೆ ಸೇರಿದೆ. ನನಗಾಗ ಇಪ್ಪತ್ಮೂರು ವರ್ಷ. ಆದರೂ ನಮ್ಮವ್ವ ಟೈಲರ್ ಹತ್ತಿರ "ಬೆಳೆಯೋ ಮೈ ಕಣಪ್ಪ, ಒಸಿ ದೊಡ್ಡದಾಗೇ ಹೊಲಿ" ಎನ್ನುವುದನ್ನು ಬಿಟ್ಟಿರಲಿಲ್ಲ. ಭುಜದ ಹೊಲಿಗೆ ತೋಳಿಗಿಳಿದ ಅಂಗಿ, ಹಿಮ್ಮಡಿ ಕೆಳಗೆ ಸಿಕ್ಕಿ ಹರಿದ ಪ್ಯಾಂಟು, ಕೊರಳ ಸುತ್ತ ಪೌಡರು, ಕಾಲರ್ ಕೊಳೆಯಾಗದಿರಲಿ ಎಂದು ಅದರೊಳಗೆ ಮಡಿಸಿಟ್ಟ ಕರ್ಚೀಫು, ಕಪ್ಪು ಶೂಗೆ ಬಿಳಿ ಸಾಕ್ಸು. ಇಷ್ಟೆಲ್ಲ ಹಾಕಿಕೊಂಡು ಒಳ್ಳೇ ಮದುವೆ ಗಂಡಿನ ಗತ್ತಿನಲ್ಲಿ ಒಳಗೆ ಹೋದೆ. ಮಾಲೀಕರು ತಲೆಯೆತ್ತಿ, "ರಿಪೇರಿಗೆ ತಂದಿದೀಯೇನಪ್ಪಾ? ಮೋಟ್ರು ಎಲ್ಲಿ?" ಎಂದರು. ಕೆಲಸಕ್ಕೆ ಬಂದವನು ಎಂದು ಹೇಳಿದ ಮೇಲೆ ನನ್ನನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿ, "ಮೂರು ತಿಂಗಳು ನೋಡಾಣ. ಸದ್ಯಕ್ಕೆ ಹಿಂದೆ ಸ್ಟೋರಲ್ಲಿರು" ಎಂದು ಕಳಿಸಿದರು.

ಹಿಂದುಗಡೆ ಗೋಡೌನಿನಲ್ಲಿ ಬೆಳಕು ಕಡಿಮೆ. ಪೈಪು, ವಾಲ್ವು, ಬೇರಿಂಗು, ಎಲ್ಲದರ ಮೇಲೂ ಗ್ರೀಸು. ಅದರ ಮಧ್ಯೆ ಒಬ್ಬರು ಕೆನೆಬಣ್ಣದ ಅಂಗಿ ಇನ್‌ಶರ್ಟ್ ಮಾಡಿ ಕೂತಿದ್ದರು. ಐವತ್ತು ದಾಟಿದ ಸಣಕಲು ಮೈ. ಅಂಗಿಯ ಮೇಲೆ ಒಂದು ಚುಕ್ಕಿ ಕಲೆ ಇರಲಿಲ್ಲ. ಕುಣಿಗಲ್ ಹತ್ತಿರದ ಹಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದರು. ನೂಕುನುಗ್ಗಲಿನಲ್ಲಿ ಮೂವತ್ತೈದು ಕಿಲೋಮೀಟರು ನಿಂತು ಬಂದರೂ ತೋಳಿನ ಇಸ್ತ್ರಿ ಗೆರೆ ಹಾಗೇ ಇರುತ್ತಿತ್ತು. ಯಾರೂ ಬಂದು ನೋಡದ ಗೋಡೌನಿನಲ್ಲಿ ಈ ಮನುಷ್ಯ ಯಾರಿಗೋಸ್ಕರ ಇಷ್ಟು ನೀಟಾಗಿ ಬರುತ್ತಾರೆ ಎಂದು ನನಗೆ ಮೊದಲ ದಿನವೇ ಗುಮಾನಿಯಾಯಿತು.

ಗುಮಾನಿ ನನ್ನ ಹುಟ್ಟುಗುಣ. ಹಾಲು ಕೊಟ್ಟರೆ ನೀರೆಷ್ಟು ಬೆರೆಸಿದ್ದಾರೆ ಎಂದು ನೋಡುವ ಜಾತಿ ನಾನು. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ ಸೀಟಿನ ಮೇಲೆ ಏನೋ ಚೆಲ್ಲಿರಬೇಕು ಎಂದು ಕೈಯಾಡಿಸಿ ನೋಡುತ್ತಿದ್ದೆ.

ಒಂದು ವಾರ ಅವರು ಏನೂ ಮಾತಾಡಲಿಲ್ಲ. ಆಮೇಲೆ ಒಂದು ದಿನ ಊಟದ ಹೊತ್ತಿನಲ್ಲಿ, "ಆ ಕರ್ಚೀಫು ತೆಗಿಯಪ್ಪಾ. ಕುತ್ಗೆ ನೋವು ಬಂದೋನ ಥರ ಕಾಣ್ತೀಯ" ಎಂದರು. ತೆಗೆದೆ. ಮಾರನೆಯ ದಿನ ಪೌಡರು. ಅದರ ಮಾರನೆಯ ದಿನ ಎಣ್ಣೆ. "ತಲೆಗೆ ಹಚ್ಕೋ, ಕಾಲರಿಗಲ್ಲ." ಹೀಗೆ ದಿನಕ್ಕೊಂದು. ಇನ್‌ಶರ್ಟ್ ಮಾಡುವುದನ್ನು ಕಲಿಸಲು ಮಾತ್ರ ಒಂದು ವಾರ ಹಿಡಿಯಿತು. ಅವ್ವನ ಕೃಪೆಯಿಂದ ನನ್ನ ಅಂಗಿಯೊಳಗೆ ಇನ್ನೊಬ್ಬನಿಗೆ ಜಾಗವಿತ್ತಲ್ಲ, ಸೊಂಟದ ಸುತ್ತ ಬಟ್ಟೆಯೆಲ್ಲ ಉಬ್ಬಿಕೊಂಡು ಬರುತ್ತಿತ್ತು. ಎರಡೂ ಪಕ್ಕದ ಬಟ್ಟೆಯನ್ನು ಹಿಂದಕ್ಕೆ ಎಳೆದು, ಹೊಲಿಗೆಯ ಹತ್ತಿರ ಮಡಿಸಿ, ಮಡಿಕೆ ಬಿಡದೆ ಪ್ಯಾಂಟಿನೊಳಗೆ ಸೇರಿಸಿ ಬೆಲ್ಟು ಬಿಗಿಯಬೇಕು ಎಂದು ತಮ್ಮ ಅಂಗಿಯಲ್ಲೇ ಮಾಡಿ ತೋರಿಸಿದರು.

"ಅಂಗಿ ಗುಂಡಿ, ಬೆಲ್ಟಿನ ಬಕಲ್ಲು, ಪ್ಯಾಂಟಿನ ಜಿಪ್ಪು, ಮೂರೂ ಒಂದೇ ಗೆರೇಲಿ ಬರ್ಬೇಕು. ಗಾರೆಯೋರು ನೂಲು ಬಿಡ್ತಾರಲ್ಲ, ಹಂಗೆ. ಬೆಲ್ಟು ಶೂ ಒಂದೇ ಬಣ್ಣ. ಸಾಕ್ಸು ಪ್ಯಾಂಟಿನ ಬಣ್ಣಕ್ಕೆ ಹೋಗ್ಬೇಕು. ಮಿಂಚೋ ಬಟ್ಟೆ ಬೇಡ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಕಣಪ್ಪಾ."

ನಾನು ಎಲ್ಲಕ್ಕೂ ಹೂಂಗುಟ್ಟುತ್ತಿದ್ದೆ, ಹೇಳಿದ್ದನ್ನೆಲ್ಲ ಮಾಡುತ್ತಲೂ ಇದ್ದೆ. ಒಳಗೆ ಮಾತ್ರ ಒಂದೇ ಪ್ರಶ್ನೆ. ಇವರಿಗೇನು ಲಾಭ?

ಉತ್ತರ ಕೊಟ್ಟವನು ನಮ್ಮ ಅಂಗಡಿಯ ಮೆಕ್ಯಾನಿಕ್. ತುಮಕೂರಿನ ಪಕ್ಕದ ಕೋರ ಊರಿನ ಕಡೆಯವನು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಒಂದು ದಿನ ಸ್ಟೋರ್ ಸಾರ್ ನನ್ನ ಕಾಲರಿಗೆ ಆ ಹಳದಿ ಪಟ್ಟಿ ತೂರಿಸುತ್ತಿದ್ದುದನ್ನು ನೋಡಿ, ಆಮೇಲೆ ಟೀ ಅಂಗಡಿಯಲ್ಲಿ ನನ್ನ ಬೆನ್ನಿಗೆ ಗುದ್ದಿದ.

"ಏನ್ಲಾ, ಹಸೆಮಣೆಗೆ ಕೂರಿಸೋಕೆ ರೆಡಿ ಮಾಡ್ತಾವ್ರೆ? ಅವ್ರ ಮನೇಲಿ ಹೆಣ್ಣೈತೆ ಕಣ್ಲಾ. ಡಿಗ್ರಿ ಓದೈತಂತೆ. ಅವ್ರೂ ನಿಮ್ ಜನಾನೇಯ. ಸುಮ್ಸುಮ್ಕೆ ಯಾರಾನಾ ಇನ್ನೊಬ್ರ ಕಾಲರ್ ಸರಿ ಮಾಡ್ತಾರಾ?"

ಅಷ್ಟು ಸಾಕಾಯಿತು. ನನ್ನ ತಲೆಯೊಳಗೆ ಎಲ್ಲವೂ ಪಟಪಟನೆ ಜೋಡಣೆಯಾಯಿತು. ಸ್ಟೋರ್ ಸಾರ್ ನಾವೆಷ್ಟು ಜನ ಅಣ್ಣತಮ್ಮಂದಿರು ಎಂದು ಕೇಳಿದ್ದರು. ಮನೆದೇವರು ಯಾವುದು ಎಂದು ಕೇಳಿದ್ದರು. ತೆಂಗಿನ ಮರ ಎಷ್ಟಿವೆ ಎಂದು ಕೂಡ ಒಂದು ದಿನ ಕೇಳಿದ್ದರು. ನಮ್ಮ ಕಡೆ ಯಾರಾದರೂ ಮನೆದೇವರನ್ನೂ ತೆಂಗಿನ ಮರವನ್ನೂ ಒಟ್ಟಿಗೆ ಕೇಳಿದರೆ ಅದರ ಅರ್ಥ ಒಂದೇ. ಹರಕೆಗೆ ಬಿಟ್ಟ ಕುರಿಯ ಮೈಯನ್ನೂ ಹೀಗೇ ತೊಳೆಯುತ್ತಾರೆ ಎಂದುಕೊಂಡೆ. ಹೆಣ್ಣನ್ನು ನಾನು ನೋಡಿರಲಿಲ್ಲ, ಅವಳ ಮೇಲೆ ನನಗೆ ಬೇಸರವೂ ಇರಲಿಲ್ಲ. ಆದರೆ ನನಗೆ ಗೊತ್ತಿಲ್ಲದ ಹಾಗೆ ನನ್ನನ್ನು ಯಾರೋ ಬಲೆಗೆ ಹಾಕಿಕೊಳ್ಳುತ್ತಿದ್ದಾರೆ ಎನ್ನುವುದೇ ಕೆರಳಿಸಿತು.

ಆಮೇಲಿನ ಪಾಠಗಳನ್ನು ನಾನು ಪೊಲೀಸಿನವನ ಕಣ್ಣಿನಿಂದ ನೋಡತೊಡಗಿದೆ. ಶೂಗೆ ಪಾಲಿಶ್ ಹಾಕುವುದನ್ನು ಕಲಿಸಿದರೆ ಅನುಮಾನ, ಗಡ್ಡವನ್ನು ಕೂದಲು ಬೆಳೆದ ದಿಕ್ಕಿಗೇ ಹೆರೆಯಬೇಕು ಎಂದರೆ ಅನುಮಾನ. ಅಷ್ಟರಲ್ಲಿ ಮೂರು ತಿಂಗಳು ಮುಗಿದು ಮಾಲೀಕರು ನನ್ನನ್ನು ಮುಂದಿನ ಕೌಂಟರಿಗೆ ಹಾಕಿದರು. ಗಿರಾಕಿಗಳು ನನ್ನನ್ನು ಸಾರ್ ಎನ್ನತೊಡಗಿದರು. ಅದಕ್ಕೂ ನನ್ನ ಜಾಣತನವೇ ಕಾರಣ ಎಂದುಕೊಂಡೆ.

ಯುಗಾದಿ ಬಂತು. ಹಬ್ಬದ ಹಿಂದಿನ ದಿನ ಸ್ಟೋರ್ ಸಾರ್ ನನ್ನನ್ನು ಗೋಡೌನಿಗೆ ಕರೆದು ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೈಗಿಟ್ಟರು. ಬೂದು ಬಣ್ಣದ ಪ್ಯಾಂಟ್ ಪೀಸು. ಬಟ್ಟೆ ಒಳ್ಳೆಯದಿತ್ತು, ಮುಟ್ಟಿದರೇ ಗೊತ್ತಾಗುತ್ತಿತ್ತು. "ಈ ಸಲ ನಿಮ್ ತಾಯೀನ ಟೈಲರ್ ಹತ್ರ ಕರ್ಕೊಂಡು ಹೋಗ್ಬೇಡ" ಎಂದು ನಕ್ಕರು. ಆಮೇಲೆ, "ಹೊಸತೊಡಕಿಗೆ ನಮ್ಮೂರಿಗೆ ಬಾರಪ್ಪಾ, ಊಟಕ್ಕೆ" ಎಂದು ಸೇರಿಸಿದರು. ಹಬ್ಬದ ಮಾರನೆಯ ದಿನದ ಬಾಡೂಟಕ್ಕೆ ನಮ್ಮಲ್ಲಿ ಕರೆಯುವುದು ನೆಂಟರನ್ನು. ಮದುವೆಗೆ ಬಂದ ಗಂಡಿಗೆ ಬಟ್ಟೆ ಕೊಡುವುದು ಹೆಣ್ಣಿನ ಅಪ್ಪ. ಇನ್ನೇನು ಉಳಿಯಿತು? ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಪೊಟ್ಟಣ ಮಾತ್ರ ಇಸಿದುಕೊಂಡು ಊರಿಗೆ ಹೊರಟೆ. ಅನುಮಾನವಿದ್ದರೂ ಬಟ್ಟೆ ಬಿಡಲು ಮನಸ್ಸು ಬರಲಿಲ್ಲ ನೋಡಿ.

ಹಬ್ಬದ ದಿನ ನಮ್ಮ ಸೋದರಮಾವ ಮನೆಗೆ ಬಂದಿದ್ದರು. ಅವ್ವನ ತಮ್ಮ, ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ. ಸಂಬಂಧ ಕುದುರಿಸುವ ಮೊದಲು ಇನ್ನೊಬ್ಬರ ಊರಿಗೆ ಗುಟ್ಟಾಗಿ ಹೋಗಿ ಮನೆತನ ವಿಚಾರಿಸಿಕೊಂಡು ಬರುವುದರಲ್ಲಿ ಅವರದು ಎತ್ತಿದ ಕೈ. ಟೀ ಅಂಗಡಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಒಂದು ಮನೆಯ ಮೂರು ತಲೆಮಾರಿನ ಕತೆ ಹೊರಡಿಸುತ್ತಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. "ಮಾವ, ಅವರ ಮನಸ್ಸಲ್ಲಿ ಏನಿದೆ ಅಂತ ತಿಳ್ಕೊಬೇಕು. ನೀವೊಂದ್ಸಲ ಆ ಊರಿಗೆ ಹೋಗ್ಬನ್ನಿ" ಎಂದೆ.

"ಅದುಕ್ಯಾಕ್ ಯೋಚ್ನೆ ಬುಡ್ಲಾ. ನಾನ್ ನೋಡ್ಕತೀನಿ" ಎಂದರು ಮಾವ.

ಒಂದೇ ವಾರದಲ್ಲಿ ಹೋಗಿ ಬಂದರು. ಹೆಣ್ಣಿರುವುದು ನಿಜ. ಆದರೆ ಅವಳಿಗೆ ಆಗಲೇ ಹುಲಿಯೂರುದುರ್ಗದ ಕಡೆಯ ಒಬ್ಬ ಹೈಸ್ಕೂಲು ಮೇಷ್ಟ್ರ ಜೊತೆ ಮಾತುಕತೆ ಮುಗಿದಿದೆ, ವೈಶಾಖದಲ್ಲಿ ಮದುವೆ ಎಂದು ಊರೆಲ್ಲ ಹೇಳುತ್ತಿದೆ. "ನಿನ್ನ ತಂಟೆಗೆ ಯಾರೂ ಬಂದಿಲ್ಲ ಕಣೋ" ಎಂದು ನಕ್ಕರು ಮಾವ. ನನಗೆ ಸಮಾಧಾನವಾಗಬೇಕಿತ್ತು. ನಿಜ ಹೇಳಬೇಕೆಂದರೆ ಒಂದು ಚೂರು ಅವಮಾನವಾಯಿತು. ಇಷ್ಟು ದಿನ ಇವರು ನನ್ನನ್ನು ಅಳಿಯನಾಗಲು ಲಾಯಕ್ಕು ಎಂದೂ ನೋಡಿರಲಿಲ್ಲವಲ್ಲ ಎಂದು. ಆ ಪ್ಯಾಂಟ್ ಪೀಸನ್ನು ಅವ್ವನನ್ನು ಬಿಟ್ಟು ಒಬ್ಬನೇ ಹೋಗಿ ಹೊಲಿಸಿಕೊಂಡೆ.

ಎರಡು ವಾರ ಕಳೆದಿರಬೇಕು. ಸ್ಟೋರ್ ಸಾರ್ ಮೂರು ದಿನ ಅಂಗಡಿಗೆ ಬರಲಿಲ್ಲ. ನಾಲ್ಕನೆಯ ದಿನ ಬಂದರು. ಅಂಗಿ ಇಸ್ತ್ರಿಯಾಗಿತ್ತು, ಶೂ ಪಾಲಿಶ್ ಆಗಿತ್ತು, ಮುಖ ಮಾತ್ರ ಇಳಿದಿತ್ತು. ಮಧ್ಯಾಹ್ನ ನನ್ನನ್ನು ಗೋಡೌನಿಗೆ ಕರೆದರು. ಡಬ್ಬವೊಂದರ ಮೇಲೆ ಕೂರಲು ಹೇಳಿ, ತಾವು ನಿಂತೇ ಮಾತಾಡಿದರು.

"ಮಗಳ ಮದ್ವೆ ಮುರಿದುಹೋಯ್ತಪ್ಪಾ. ಯಾರೋ ಗುಬ್ಬಿ ಕಡೆಯೋರು ನಮ್ಮೂರಿಗೆ ಬಂದು, ನಮ್ ಹುಡುಗಂಗೆ ಹೆಣ್ಣು ನೋಡ್ತಿದೀವಿ ಅಂತ ನಮ್ಮನೆ ವಿಚಾರ ಎಲ್ಲಾ ಕೇಳ್ಕೊಂಡು ಹೋದ್ರಂತೆ. ಆಮೇಲೆ ತಿರುಗಿ ಬರ್ಲೇ ಇಲ್ಲ. ಅದು ಗಂಡಿನೋರ ಕಿವಿಗೆ ಬಿದ್ದಿದೆ. ಕೇಳ್ಕೊಂಡು ಬಂದೋರು ಯಾಕೆ ವಾಪಸ್ಸಾದ್ರು, ಏನೋ ಐಬು ಕಂಡಿರ್ಬೇಕು ಅಂತಾರೆ. ಇನ್ನೊಂದು ಕಡೆನೂ ಮಾತಾಡ್ತಿದ್ರಾ ನೀವು ಅಂತಾರೆ. ಏನ್ ಹೇಳಿದ್ರೂ ನಂಬ್ಲಿಲ್ಲ."

ನಮ್ಮ ಕಡೆ ಇದು ಎಂಥ ವಿಷಯ ಎಂದು ನನಗೆ ಗೊತ್ತಿರಲಿಲ್ಲವೇ? ಹೆಣ್ಣು ಕೇಳಿಕೊಂಡು ಬಂದವರು ಒಪ್ಪಲಿಲ್ಲ ಎಂದರೂ ನಡೆಯುತ್ತದೆ. ಏನೂ ಹೇಳದೆ ಹಾಗೇ ಹೊರಟುಹೋದರೆ ಆ ಮನೆಯ ಮೇಲೆ ಊರವರೇ ಒಂದು ಕತೆ ಕಟ್ಟುತ್ತಾರೆ. ಗೊತ್ತಿತ್ತು. ಮಾವನನ್ನು ಕಳಿಸುವಾಗ ಅದು ನೆನಪಾಗಲಿಲ್ಲ, ಅಷ್ಟೇ. ನನಗೆ ನನ್ನ ಕುತ್ತಿಗೆ ಉಳಿಸಿಕೊಳ್ಳುವುದರ ಮೇಲೆ ಮಾತ್ರ ಗಮನ.

"ನೀನೂ ಗುಬ್ಬಿ ಕಡೆಯೋನಲ್ವಾ. ಯಾರಿರ್ಬೋದು, ಏನಾದ್ರೂ ಗೊತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ನನಗೆ ತಿಳಿಯದೆಯೇ ಅವರು ಕೊಟ್ಟ ಆ ಬೂದು ಪ್ಯಾಂಟಿನ ಮೇಲೆ ಕೈಯಿಟ್ಟುಕೊಂಡಿದ್ದೆ. "ಇಲ್ಲ ಸಾರ್" ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಹತ್ತಿರ ಬಂದು, "ಎಡಗಡೆ ಕಾಲರ್ ಎದ್ದಿದೆ ನೋಡು" ಎಂದು ತಾವೇ ಸರಿಮಾಡಿ, ಕೌಂಟರಿಗೆ ಹೋಗು ಎಂದರು.

ಅವತ್ತು ಸಂಜೆ ಮೆಕ್ಯಾನಿಕ್‌ನನ್ನು ಹಿಡಿದುಕೊಂಡೆ. ನೀನೇ ಅಲ್ಲವೇನೋ ತಲೆ ಕೆಡಿಸಿದ್ದು, ಪ್ಯಾಂಟ್ ಪೀಸು ಬೇರೆ ಕೊಟ್ಟರಲ್ಲ ಎಂದು ರೇಗಿದೆ. ಅವನು ಕಣ್ಣರಳಿಸಿದ. "ಪ್ಯಾಂಟ್ ಪೀಸಾ? ನಂಗೂ ಕೊಟ್ಟಿದ್ರಲ್ಲೋ! ಹೊಸಬ್ರು ಯಾರು ಬಂದ್ರೂ ಮೊದಲ್ನೇ ಯುಗಾದಿಗೆ ಕೊಡ್ತಾರೆ. ಊಟುಕ್ಕೂ ಕರೀತಾರೆ. ನಾನ್ ತಮಾಸೆಗಂದ್ರೆ ಹಿಂಗಾ ನೀನು ತಿಳ್ಕಂಡಿದ್ದು?"

ಇನ್ನುಳಿದದ್ದನ್ನು ಮಾಲೀಕರು ಹೇಳಿದರು, ಅದೂ ಬೇರೆ ಯಾವುದೋ ಮಾತಿನ ಮಧ್ಯೆ. ನಾನು ಸೇರಿದ ವಾರವೇ ನನ್ನನ್ನು ವಾಪಸ್ಸು ಕಳಿಸಬೇಕೆಂದಿದ್ದರಂತೆ. ಕೌಂಟರಿನಲ್ಲಿ ನಿಲ್ಲಿಸಲು ಈ ಹುಡುಗ ಆಗುವುದಿಲ್ಲ ಎಂದು. "ಸ್ಟೋರಿನೋರು ಬಂದು, ಹುಡುಗ ಚುರುಕಾಗಿದಾನೆ, ಬಟ್ಟೆ ಒಂದು ಗೊತ್ತಿಲ್ಲ, ಅದನ್ನ ನಾನು ಕಲಿಸ್ತೀನಿ ಬಿಡಿ ಅಂದ್ರು. ಇಲ್ದಿದ್ರೆ ನೀನೆಲ್ಲಿ ಇರ್ತಿದ್ದೆಯಪ್ಪಾ?" ಎಂದು ನಕ್ಕರು. ನನ್ನ ಕೆಲಸ ಉಳಿಸಿದ್ದು ಆ ಮನುಷ್ಯ. ಲಾಭ ಏನೂ ಇರಲಿಲ್ಲ. ಹೀಗೂ ಜನ ಇರುತ್ತಾರೆ ಎನ್ನುವುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಗೋಡೌನಿನ ಬಾಗಿಲತನಕ ಹೋಗಿದ್ದೇನೆ. ಅವರು ತಲೆಯೆತ್ತಿ "ಏನಪ್ಪಾ?" ಎನ್ನುತ್ತಿದ್ದರು. ನಾನು ಬೇರಿಂಗು ಬೇಕಿತ್ತು ಎನ್ನುತ್ತಿದ್ದೆ. ಈಗ ನನ್ನ ಗುಮಾನಿಯ ದಿಕ್ಕು ಬದಲಾಗಿತ್ತು. ಇವರಿಗೆ ಗೊತ್ತಿರಬಹುದೇ? ಗೊತ್ತಿದ್ದರೆ ಯಾಕೆ ಬೈಯುವುದಿಲ್ಲ? ಗೊತ್ತಿಲ್ಲದಿದ್ದರೆ ಆವತ್ತು ನನ್ನನ್ನೇ ಯಾಕೆ ಕರೆದು ಕೇಳಿದರು? ಅವರು ಮಾತ್ರ ಮೊದಲಿನ ಹಾಗೇ ಇದ್ದರು. ಎರಡು ವರ್ಷದ ಮೇಲೆ ನನಗೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಾಗ, ಇಂಟರ್‌ವ್ಯೂಗೆ ಯಾವ ಬಣ್ಣದ ಅಂಗಿ ಹಾಕಬೇಕು ಎಂದು ಹೇಳಿದವರೂ ಅವರೇ.

ನನ್ನ ಮದುವೆ ಗುಬ್ಬಿಯಲ್ಲಾಯಿತು. ಹೆಣ್ಣು, ಅದೇ ಸೋದರಮಾವನ ಮಗಳು. ನಾನು ಕೆಲಸಕ್ಕೆ ಸೇರಿದ ದಿನದಿಂದಲೂ ಮಾವನ ಮನಸ್ಸಿನಲ್ಲಿ ಅದೇ ಇತ್ತು ಎಂದು ಅವ್ವ ಆಮೇಲೆ ಹೇಳಿದಳು. ನೋಡಿ, ಊರನ್ನೆಲ್ಲ ಅನುಮಾನಿಸಿದ ನಾನು, ನಿಜವಾಗಿಯೂ ನನ್ನ ಮೇಲೆ ಕಣ್ಣಿಟ್ಟಿದ್ದವರನ್ನು ಬಿಟ್ಟು ಉಳಿದವರನ್ನೆಲ್ಲ ಅನುಮಾನಿಸಿದ್ದೆ. ಆವತ್ತು ಮಾವ ಕುಣಿಗಲ್ ಕಡೆ ಹೋದಾಗ ಬಾಯಿತಪ್ಪಿ ಮಾತಾಡಿದರೋ, ಬೇಕೆಂದೇ ಮಾತಾಡಿದರೋ... ಅವರು ತೀರಿಹೋಗಿ ಆರು ವರ್ಷವಾಯಿತು, ಬದುಕಿರುವಾಗ ಕೇಳುವ ಧೈರ್ಯ ನನಗೆ ಬರಲಿಲ್ಲ. ಹೆಂಡತಿಗೆ ಹೇಳುವ ಹಾಗಿಲ್ಲ ಎಂದಿದ್ದು ಇದಕ್ಕೇ.

ಆ ಮದುವೆಗೆ ಸ್ಟೋರ್ ಸಾರ್ ಬಂದಿದ್ದರು. ಛತ್ರದ ಬಾಗಿಲಲ್ಲಿ ಪನ್ನೀರು ಹಾಕುತ್ತ ನಿಂತಿದ್ದವರು ನಮ್ಮ ಮಾವ. ಮಂಟಪದಿಂದ ನಾನು ಇಬ್ಬರನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಸ್ಟೋರ್ ಸಾರ್ ಮಾವನಿಗೆ ಕೈ ಮುಗಿದರು, ಮಾವನೂ ಮುಗಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಸದ್ಯ, ಗೊತ್ತಿಲ್ಲ ಎಂದುಕೊಂಡೆ. ಅದಾದ ಮೇಲೆ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಐದಾರು ವರ್ಷದ ಮೇಲೆ ಮೆಕ್ಯಾನಿಕ್ ಫೋನ್ ಮಾಡಿ, ಸ್ಟೋರ್ ಸಾರ್ ಹೋಗಿಬಿಟ್ಟರು ಎಂದ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದೆ. ಕುಣಿಗಲ್ ಕೆರೆ ಏರಿ ದಾಟಿದ ಮೇಲೆ ಇನ್ನೊಂದು ಬಸ್ಸು. ಹೊಸತೊಡಕಿಗೆ ಕರೆದಾಗ ಹೋಗದೆ ತಪ್ಪಿಸಿಕೊಂಡ ಮನೆಗೆ ಮೊದಲ ಸಲ ಹೋದದ್ದು ಹಾಗೆ. ಸಣ್ಣ ಹೆಂಚಿನ ಮನೆ. ಎಲೆ ಮುಂದೆ ಕೂತಾಗ ಬಡಿಸಲು ಬಂದ ಹೆಂಗಸು ನನ್ನ ಮುಂದೆ ನಿಂತರು. ಅವರೇ ಮಗಳು. ಆ ಮದುವೆ ಮುರಿದ ಮೇಲೆ ನಾಲ್ಕು ವರ್ಷ ಯಾವ ಸಂಬಂಧವೂ ಕೂಡಿಬರದೆ, ಕೊನೆಗೆ ಹೆಂಡತಿ ತೀರಿಕೊಂಡು ಇಬ್ಬರು ಮಕ್ಕಳಿದ್ದವರಿಗೆ ಎರಡನೇ ಸಂಬಂಧಕ್ಕೆ ಕೊಟ್ಟಿದ್ದರು ಎಂದು ಮೆಕ್ಯಾನಿಕ್ ಹೇಳಿದ್ದ.

"ನೀವು ಗುಬ್ಬಿಯೋರಲ್ವಾ ಅಣ್ಣ? ಅಂಗಿ ನೋಡಿನೇ ಗೊತ್ತಾಯ್ತು. ನಮ್ಮಪ್ಪ ನಿಮ್ ವಿಷ್ಯ ಬಾಳಾ ಹೇಳೋರು" ಎಂದರು. ಅನ್ನ ಬಡಿಸಿದರು. ಆಮೇಲೆ ಅದೇ ದನಿಯಲ್ಲಿ, "ನಿಮ್ಮ ಮಾವ ಆರಾಮಾಗಿದಾರಾ? ಆವತ್ತು ನಮ್ಮೂರಿಗೆ ಬಂದಿದ್ರಲ್ಲ, ಅವ್ರು" ಎಂದು ಕೇಳಿದರು.

ನಾನು ಎಲೆಯಿಂದ ತಲೆಯೆತ್ತಿದೆ. ಅವರೇ ಮುಂದುವರಿಸಿದರು.

"ಟೀ ಅಂಗಡೀಲಿ ಅವ್ರೇ ಹೇಳಿದ್ರಂತೆ, ಅಕ್ಕನ ಮಗ ತುಮಕೂರಲ್ಲಿ ಮೋಟ್ರು ಅಂಗಡೀಲಿದಾನೆ ಅಂತ. ಅಪ್ಪಂಗೆ ಅವತ್ತೇ ಗೊತ್ತಾಗಿತ್ತು. ನಾನು ಹೋಗಿ ಜಗಳ ಮಾಡ್ಬನ್ನಿ ಅಂದೆ. ಬೇಡ ಕಣಮ್ಮ, ಒಳ್ಳೇ ಹುಡುಗ, ಏನೋ ತಪ್ಪು ತಿಳ್ಕೊಂಡವ್ನೆ, ಒಂದಿನ ತಾನೇ ಬಂದು ಹೇಳ್ತಾನೆ ಬಿಡು ಅಂದ್ರು."

ಯಾರೋ ಸಾರು ಕೇಳಿದರು, ಅವರು ಆ ಕಡೆ ಹೋದರು. ನಾನು ಹೇಳಿದ್ದು ಒಂದೇ ಮಾತು. ಮಾವ ಆರಾಮಾಗಿದಾರೆ ಎಂದು. ಅಲ್ಲಿಯೂ ಅಷ್ಟೇ ಹೇಳಿ ಊಟ ಮುಗಿಸಿ ಎದ್ದುಬಂದೆ.

ಈಗ ನನಗೆ ಐವತ್ತಾಯಿತು. ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ನಿಮ್ಮ ಹಾಗೆ ಡ್ರೆಸ್ ಮಾಡುವುದನ್ನು ಹೇಳಿಕೊಡಿ ಸಾರ್ ಎನ್ನುತ್ತಾರೆ, ಹೇಳಿಕೊಡುತ್ತೇನೆ. ಆದರೆ ಗೋಡೌನಿನ ಆ ಮಧ್ಯಾಹ್ನ ಅವರು ಕೇಳಿದ್ದು ಗೊತ್ತಿಲ್ಲದೆ ಅಲ್ಲ, ನಾನು ಹೇಳಲಿ ಎಂದು ಕೇಳಿದ್ದರು. ಆಮೇಲೂ ಎಂಟು ವರ್ಷ ಕಾದರು. ಅವರಿಗೆ ಎಲ್ಲ ಗೊತ್ತಿತ್ತು, ನಿಜ. ಆದರೂ ನನ್ನ ಬಾಯಿಂದ ಅದನ್ನು ಕೇಳುವ ಹಕ್ಕು ಅವರಿಗಿತ್ತು, ನಾನು ಕೊಡಲಿಲ್ಲ.